ಲಿನಕ್ಸ್ ಹೊಸಬರ ಕೈಗೆ ಬಂದದ್ದು ಹೇಗೆ?



ಗಣಕಯಂತ್ರದ ಸ್ವಿಚ್ ಒತ್ತುತ್ತೀರಿ. ಪರದೆಯ ಮೇಲೆ ಚಿತ್ರ ಮೂಡುತ್ತದೆ. ಮೌಸ್ ಅಲುಗಿಸಿದರೆ ಬಾಣದ ಗುರುತು ಓಡಾಡುತ್ತದೆ. ಕಡತವೊಂದನ್ನು ತೆರೆದು ಓದತೊಡಗುತ್ತೀರಿ. ಇಷ್ಟಾಗುವಷ್ಟರಲ್ಲಿ ತೆರೆಯ ಹಿಂದೆ ಎಷ್ಟು ಕೆಲಸ ನಡೆದಿರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಡಿಸ್ಕಿನ ಯಾವ ಮೂಲೆಯಲ್ಲಿ ಆ ಕಡತ ಇದೆ ಎಂದು ಹುಡುಕಬೇಕು. ಅದನ್ನು ಮೆಮೊರಿಗೆ ತರಬೇಕು. ಅಕ್ಷರಗಳನ್ನು ಪರದೆಯ ಮೇಲೆ ಬಿಡಿಸಬೇಕು. ಅದೇ ಹೊತ್ತಿಗೆ ಕೀಲಿಮಣೆಯಲ್ಲಿ ನೀವು ಏನಾದರೂ ಒತ್ತಿದಿರಾ ಎಂದೂ ಗಮನಿಸುತ್ತಿರಬೇಕು.

ಇದನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ. ಮದುವೆಮನೆಯಲ್ಲಿ ಅಡುಗೆಯವರು, ಓಲಗದವರು, ಪುರೋಹಿತರು, ಬಡಿಸುವವರು ಎಲ್ಲರೂ ಇರುತ್ತಾರೆ. ಆದರೆ ಯಾರು ಯಾವಾಗ ಏನು ಮಾಡಬೇಕು ಎಂದು ಓಡಾಡಿ ನೋಡಿಕೊಳ್ಳುವ ಸೋದರಮಾವ ಒಬ್ಬರಿರುತ್ತಾರಲ್ಲವೇ? ಫೋಟೋದಲ್ಲಿ ಅವರು ಕಾಣಿಸುವುದೇ ಅಪರೂಪ. ಆದರೆ ಅವರಿಲ್ಲದಿದ್ದರೆ ಮದುವೆ ಸಾಗುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯ ಪಾತ್ರ ಹೆಚ್ಚುಕಡಿಮೆ ಅದೇ.

ವಿಂಡೋಸ್ ಹೆಸರು ನಿಮಗೆಲ್ಲ ಗೊತ್ತು. ಲಿನಕ್ಸ್ ಹೆಸರನ್ನೂ ಕೇಳಿರುತ್ತೀರಿ. ನಿಮ್ಮ ಮನೆಯ ಆಂಡ್ರಾಯ್ಡ್ ಮೊಬೈಲಿನ ತಿರುಳು ಲಿನಕ್ಸೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಈಚೆಗೆ ಎಲ್ಲವೂ ಲಿನಕ್ಸ್‌ನಲ್ಲಿಯೇ ಓಡುತ್ತಿವೆ. ಆದರೂ ಮೇಜಿನ ಮೇಲಿನ ಗಣಕದ ಮಾತು ಬಂದಾಗ, ‘ಲಿನಕ್ಸ್ ಪಂಡಿತರಿಗೆ, ನಮ್ಮಂಥವರಿಗಲ್ಲ’ ಎನ್ನುವವರು ಇನ್ನೂ ಇದ್ದಾರೆ. ಒಂದು ಕಾಲದಲ್ಲಿ ಆ ಮಾತು ನಿಜವೇ ಆಗಿತ್ತು. ಅದು ಬದಲಾದದ್ದು ಹೇಗೆ? ಬದಲಾಯಿಸಿದವರು ಯಂತ್ರವನ್ನೇ ಸರಳ ಮಾಡಿದರೇ, ಅಥವಾ ಬೇರೇನಾದರೂ ಮಾಡಿದರೇ? ಈ ಸಂಚಿಕೆಯಲ್ಲಿ ಅದನ್ನು ನೋಡೋಣ.

ಗಿಡ್ಡ ಆದೇಶಗಳ ಗುಟ್ಟು

ಲಿನಕ್ಸ್ ಬೆಳೆದದ್ದು ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಮಾದರಿಯಲ್ಲಿ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಆರಂಭಿಸಿದರು. ಅದರ ಆದೇಶಗಳೆಲ್ಲ ಬಲು ಗಿಡ್ಡ. ಕಡತಗಳ ಪಟ್ಟಿ ಬೇಕೆಂದರೆ ‘ಎಲ್’ ‘ಎಸ್’ ಎಂಬ ಎರಡೇ ಅಕ್ಷರ. ನಕಲು ಮಾಡಲು ‘ಸಿ’ ‘ಪಿ’. ಅಳಿಸಲು ‘ಆರ್’ ‘ಎಂ’. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಇವು ಒಗಟಿನಂತೆಯೇ ಕಾಣುತ್ತವೆ.

ಇಷ್ಟು ಜಿಪುಣತನ ಏಕೆ? ಆಗ ಅವರ ಮುಂದೆ ಇದ್ದದ್ದು ಪರದೆಯಲ್ಲ, ಟೆಲಿಟೈಪ್ ಎಂಬ ಟೈಪ್‌ರೈಟರಿನಂಥ ಯಂತ್ರ. ಒತ್ತಿದ್ದೂ ಬಂದ ಉತ್ತರವೂ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಆಗ ಬಳಕೆಯಲ್ಲಿದ್ದ ಒಂದು ಪ್ರಸಿದ್ಧ ಮಾದರಿಯ ವೇಗ ಸೆಕೆಂಡಿಗೆ ಕೇವಲ 10 ಅಕ್ಷರ. ಇಂಥ ಯಂತ್ರದ ಮುಂದೆ ದಿನವಿಡೀ ಕುಳಿತವರು ಒಂದೊಂದು ಅಕ್ಷರವನ್ನೂ ಉಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿ. ಹೇಳಿದ ಕೆಲಸ ಸರಿಯಾಗಿ ಮುಗಿದರೆ ಯುನಿಕ್ಸ್ ಮಾತೇ ಆಡುವುದಿಲ್ಲ. ಅಳಿಸು ಎಂದರೆ ಅಳಿಸುತ್ತದೆ. ‘ನಿಜವಾಗಿಯೂ ಅಳಿಸಲೇ?’ ಎಂದು ಸಾಮಾನ್ಯವಾಗಿ ಕೇಳುವುದೂ ಇಲ್ಲ. ಬಲ್ಲವರಿಗೆ ಈ ಮೌನ ಹಿತ. ಹೊಸಬರಿಗೆ ಅದೇ ಭಯ. ಕಟ್ಟಿದವರೇ ಬಳಸುವವರೂ ಆಗಿದ್ದರಿಂದ, ಹೊಸಬರೊಬ್ಬರು ಬಾಗಿಲಲ್ಲಿ ನಿಂತಿದ್ದಾರೆ ಎಂಬ ಯೋಚನೆಗೆ ಅಲ್ಲಿ ಕಾರಣವೇ ಇರಲಿಲ್ಲ.

ಹೆಲ್ಸಿಂಕಿಯಿಂದ ಬಂದ ತಿರುಳು

1983ರಲ್ಲಿ ರಿಚರ್ಡ್ ಸ್ಟಾಲ್ಮನ್, ಯುನಿಕ್ಸ್‌ನಂತೆಯೇ ಕೆಲಸ ಮಾಡುವ, ಆದರೆ ಯಾರು ಬೇಕಾದರೂ ಬಳಸಿ, ತೆರೆದು ನೋಡಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯನ್ನು ಕಟ್ಟುವುದಾಗಿ ಪ್ರಕಟಿಸಿದರು. ಅದರ ಹೆಸರು ಗ್ನು. ಹಲವು ಭಾಗಗಳು ಸಿದ್ಧವಾದವು. ಆದರೆ ಯಂತ್ರಾಂಶದ ಜೊತೆ ನೇರವಾಗಿ ವ್ಯವಹರಿಸುವ ತಿರುಳು, ಅಂದರೆ ಕರ್ನೆಲ್, ಬಳಕೆಗೆ ಸಿದ್ಧವಾಗಿರಲಿಲ್ಲ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿರುವುದಾಗಿ ತಿಳಿಸಿದರು. ಅದೇ ಲಿನಕ್ಸ್ ಕರ್ನೆಲ್. 1992ರಲ್ಲಿ ಅದನ್ನು ಗ್ನು ಪರವಾನಗಿಯಡಿ ತಂದರು. ಎರಡೂ ಕೂಡಿದಾಗ ಪೂರ್ಣ ವ್ಯವಸ್ಥೆಯೊಂದು ಕೈಗೆ ಬಂತು.

ಕರ್ನೆಲ್ ಎಂದರೆ ಎಂಜಿನ್ ಇದ್ದಂತೆ. ಎಂಜಿನ್ ಒಂದನ್ನೇ ಮನೆಗೆ ತಂದು ಏನು ಮಾಡುತ್ತೀರಿ? ಚಕ್ರ, ಆಸನ, ಬ್ರೇಕ್ ಎಲ್ಲವನ್ನೂ ಜೋಡಿಸಿ ಕೊಡುವವರು ಬೇಕು. ಹಾಗೆ ಜೋಡಿಸಿಕೊಟ್ಟ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಇಂದಿಗೂ ಉಳಿದುಬಂದಿರುವ ಅತಿ ಹಳೆಯ ಡಿಸ್ಟ್ರಿಬ್ಯೂಷನ್‌ಗಳು.

ಆದರೂ ಆ ದಿನಗಳಲ್ಲಿ ಲಿನಕ್ಸ್ ಹಾಕಿಕೊಳ್ಳಲು ಹೊರಟ ವಿದ್ಯಾರ್ಥಿಯ ಪಾಡು ಏನು? ಡಿಸ್ಕನ್ನು ಎಷ್ಟು ಭಾಗ ಮಾಡಬೇಕು, ಯಾವ ಭಾಗಕ್ಕೆ ಎಷ್ಟು ಜಾಗ? ಗ್ರಾಫಿಕ್ಸ್ ಕಾರ್ಡಿನಲ್ಲಿರುವ ಚಿಪ್ ಯಾವುದು? ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನ ಎಷ್ಟು? ಆವರ್ತನವನ್ನು ತಪ್ಪಾಗಿ ಕೊಟ್ಟರೆ ಮಾನಿಟರ್ ಕೆಡಬಹುದು ಎಂಬ ಎಚ್ಚರಿಕೆ ಬೇರೆ! ಇದೆಲ್ಲ ದಾಟಿ ಹೊಸ ತಂತ್ರಾಂಶವೊಂದನ್ನು ಹಾಕಲು ಹೋದರೆ, ಅದಕ್ಕೆ ಇನ್ನೊಂದು ಬೇಕು; ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಯಾರನ್ನಾದರೂ ಕೇಳಿದರೆ ಎಷ್ಟೋ ಸಲ ಸಿಗುತ್ತಿದ್ದ ಉತ್ತರ ಒಂದೇ: ‘ಕೈಪಿಡಿ ಓದು.’ ಕೈಪಿಡಿಯೋ, ಆಗಲೇ ಗೊತ್ತಿದ್ದವರಿಗೆ ನೆನಪಿಸಲು ಬರೆದದ್ದು.

ಸೈಕಲ್ ಕೊಳ್ಳಲು ಹೋದ ಹುಡುಗಿಯನ್ನು ಅಂಗಡಿಯವರು ‘ಚಕ್ರಕ್ಕೆ ಎಷ್ಟು ಸ್ಪೋಕ್ ಹಾಕಲಿ? ಬೇರಿಂಗಿನ ಗುಂಡು ಯಾವ ಅಳತೆಯದು ಬೇಕು?’ ಎಂದು ಕೇಳಿದರೆ ಹೇಗಿರುತ್ತದೆ? ಉತ್ತರ ಗೊತ್ತಿಲ್ಲದ ಆಕೆ ತನಗೆ ಸೈಕಲ್ ಹೊಡೆಯುವ ಯೋಗ್ಯತೆಯೇ ಇಲ್ಲ ಎಂದುಕೊಂಡು ಹಿಂದಿರುಗುತ್ತಾಳೆ. ನಿಜವಾಗಿ ಕೊರತೆ ಇದ್ದದ್ದು ಅವಳಲ್ಲಿಯೋ, ಪ್ರಶ್ನೆಯಲ್ಲಿಯೋ?

ಮೂರು ಬಗೆಯ ಪ್ರಶ್ನೆಗಳು

ಆ ಪ್ರಶ್ನೆಗಳನ್ನು ಒಮ್ಮೆ ವಿಂಗಡಿಸಿ ನೋಡೋಣ.

ಮೊದಲನೆಯ ಬಗೆ, ಯಂತ್ರವೇ ಉತ್ತರ ಹೇಳಬಲ್ಲ ಪ್ರಶ್ನೆಗಳು. ಗ್ರಾಫಿಕ್ಸ್ ಕಾರ್ಡ್ ಯಾವುದೆಂಬುದು ಕಾರ್ಡಿನಲ್ಲಿಯೇ ನಮೂದಾಗಿರುತ್ತದೆ. ಮಾನಿಟರ್ ತನ್ನ ಆವರ್ತನವನ್ನು ಗಣಕಕ್ಕೆ ತಾನೇ ತಿಳಿಸುವ ಏರ್ಪಾಡು 1994ರಲ್ಲಿಯೇ ಬಂತು. ಇವನ್ನು ಮನುಷ್ಯರಿಂದ ಕೇಳಬೇಕಾಗಿಯೇ ಇಲ್ಲ.

ಎರಡನೆಯ ಬಗೆ, ಹೆಚ್ಚಿನವರಿಗೆ ಒಂದೇ ಉತ್ತರ ಸಾಕಾಗುವ ಪ್ರಶ್ನೆಗಳು. ಡಿಸ್ಕನ್ನು ಹೇಗೆ ವಿಭಾಗಿಸಬೇಕು, ಪತ್ರ ಬರೆಯಲು ಯಾವ ತಂತ್ರಾಂಶ ಇರಬೇಕು ಎಂಬಂಥವು. ಬಲ್ಲವರೊಬ್ಬರು ಯೋಚಿಸಿ ಒಂದು ಒಳ್ಳೆಯ ಉತ್ತರವನ್ನು ಮೊದಲೇ ಇಟ್ಟಿರಬಹುದು. ಬೇಡವಾದವರು ಬದಲಾಯಿಸಿಕೊಳ್ಳಲಿ.

ಮೂರನೆಯ ಬಗೆ, ಬಳಸುವವರು ಮಾತ್ರ ಉತ್ತರಿಸಬಲ್ಲ ಪ್ರಶ್ನೆಗಳು. ನಿಮ್ಮ ಹೆಸರೇನು, ಯಾವ ಭಾಷೆ ಬೇಕು, ಗುಪ್ತಪದ ಏನಿರಲಿ, ಹಳೆಯ ಕಡತಗಳನ್ನು ಉಳಿಸಲೇ ಅಳಿಸಲೇ? ಇವನ್ನು ಕೇಳಲೇಬೇಕು, ಅರ್ಥವಾಗುವ ಮಾತಿನಲ್ಲಿ ಕೇಳಬೇಕು.

ಹೊಸಬರಿಗೆ ಸುಲಭ ಮಾಡುವುದು ಎಂದರೆ ಈ ಮೂರು ಬಗೆಗಳನ್ನು ಬೇರ್ಪಡಿಸಿ, ಮೊದಲೆರಡು ಬಗೆಯ ಹೊರೆಯನ್ನು ಅವರ ತಲೆಯಿಂದ ಇಳಿಸುವುದು. ಒಳಗಿನ ಯಂತ್ರ ಮೊದಲಿನಷ್ಟೇ ಸಂಕೀರ್ಣ. ಉತ್ತರಿಸುವ ಜವಾಬ್ದಾರಿ ಮಾತ್ರ ಕೈ ಬದಲಾಯಿಸುತ್ತದೆ. ಕಾರ್ಯಕ್ರಮ ನಿರ್ಮಿಸುವ ನಮಗೂ ಇದು ಪರಿಚಿತ ಕೆಲಸ. ಸ್ಟುಡಿಯೋಗೆ ಬರುವ ವಿಜ್ಞಾನಿಗಳು ವಿಷಯವನ್ನು ಆಳವಾಗಿ ಬಲ್ಲವರು. ಮನೆಯಲ್ಲಿ ಕುಳಿತು ನೋಡುವವರು ಯಾವ ಪದದ ಬಳಿ ಎಡವುತ್ತಾರೆ ಎಂಬುದು ಮಾತ್ರ ಅವರಿಗೆ ಕಾಣದು. ಆ ಜಾಗವನ್ನು ಹುಡುಕುವುದೇ ಅರ್ಧ ಕೆಲಸ.

ಒಂದೊಂದೇ ಮೆಟ್ಟಿಲು

ಲಿನಕ್ಸ್‌ನಲ್ಲಿ ಈ ಕೆಲಸ ಒಂದೇ ದಿನ ಆಗಲಿಲ್ಲ. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಯೋಜನೆಗಳು ಆರಂಭವಾದವು. ಆದೇಶಗಳನ್ನು ಬಾಯಿಪಾಠ ಮಾಡದೆ, ಚಿತ್ರ ಮತ್ತು ಪಟ್ಟಿಗಳ ಮೂಲಕ ಕೆಲಸ ಮಾಡಲು ಇವು ದಾರಿ ಮಾಡಿದವು. 1999ರ ಡೆಬಿಯನ್ 2.1ರಲ್ಲಿ ಎಪಿಟಿ ಎಂಬ ಸಾಧನ ಬಂತು. ಬೇಕಾದ ತಂತ್ರಾಂಶದ ಹೆಸರು ಹೇಳಿದರೆ ಸಾಕು, ಅದಕ್ಕೆ ಅಗತ್ಯವಾದ ಉಳಿದೆಲ್ಲವನ್ನೂ ತಾನೇ ಹುಡುಕಿ ತಂದು ಜೋಡಿಸುತ್ತದೆ. ಇಂದು ಮೊಬೈಲಿನಲ್ಲಿ ಒಂದೇ ಕಡೆಯಿಂದ ಆ್ಯಪ್‌ಗಳನ್ನು ತರಿಸಿಕೊಳ್ಳುತ್ತೀರಲ್ಲ, ಅದೇ ಜಾತಿಯ ಅನುಕೂಲ.

2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ ನಾಪಿಕ್ಸ್ ಇನ್ನೊಂದು ಅಡ್ಡಿಯನ್ನು ತೆಗೆಯಿತು. ಅದು ಭಯ. ‘ಹಾಕಲು ಹೋಗಿ ಇದ್ದದ್ದೂ ಅಳಿಸಿಹೋದರೆ?’ ನಾಪಿಕ್ಸ್ ನೇರವಾಗಿ ಸಿಡಿಯಿಂದಲೇ ಓಡುತ್ತಿತ್ತು. ಯಂತ್ರಾಂಶವನ್ನು ತಾನೇ ಗುರುತಿಸಿಕೊಳ್ಳುತ್ತಿತ್ತು. ಗಣಕದ ಡಿಸ್ಕನ್ನು ಮುಟ್ಟುತ್ತಿರಲಿಲ್ಲ. ಸಿಡಿ ಹೊರತೆಗೆದು ಮತ್ತೆ ಚಾಲೂ ಮಾಡಿದರೆ ಗಣಕ ಮೊದಲಿನಂತೆಯೇ. ಈಜು ಕಲಿಯುವವರಿಗೆ ಸೊಂಟಕ್ಕೆ ಕಟ್ಟುವ ಬೆಂಡಿನಂತೆ, ನೀರಿಗಿಳಿಯುವ ಧೈರ್ಯವನ್ನು ಅದು ಕೊಟ್ಟಿತು.

ಉಬುಂಟು ಮಾಡಿದ್ದೇನು?

ಈ ಎಲ್ಲ ಎಳೆಗಳನ್ನು ಒಂದುಗೂಡಿಸಿದವರಲ್ಲಿ ಮುಖ್ಯರು ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್. 2002ರಲ್ಲಿ ಸ್ವಂತ ಖರ್ಚಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಉದ್ಯಮಿ ಇವರು. ಡೆಬಿಯನ್ ಬಲ್ಲ ತಂತ್ರಜ್ಞರನ್ನು ಕೂಡಿಸಿಕೊಂಡು 2004ರ ಅಕ್ಟೋಬರ್ 20ರಂದು ಉಬುಂಟು ಎಂಬ ಡಿಸ್ಟ್ರಿಬ್ಯೂಷನ್ ಬಿಡುಗಡೆ ಮಾಡಿದರು. ಉಬುಂಟು ಎಂಬುದು ದಕ್ಷಿಣ ಆಫ್ರಿಕಾದ ಜುಲು, ಖೋಸಾ ಭಾಷೆಗಳ ಮಾತು. ಇತರರ ಬಗೆಗಿನ ಮಾನವೀಯತೆ ಎಂಬುದು ಅದರ ಭಾವ. ಮೊದಲ ಆವೃತ್ತಿಯ ಸಂಖ್ಯೆ 4.10. ಅಂದರೆ 2004ರ ಹತ್ತನೆಯ ತಿಂಗಳು. ಸಂಖ್ಯೆಯನ್ನು ನೋಡಿದೊಡನೆ ವಯಸ್ಸು ತಿಳಿಯುತ್ತದೆ.

ಉಬುಂಟುವಿನ ತಿರುಳು ಹೊಸದಲ್ಲ; ಅದು ಡೆಬಿಯನ್ ಬುನಾದಿಯ ಮೇಲೆ ನಿಂತದ್ದು. ಹೊಸದಾಗಿದ್ದದ್ದು ವಿಂಗಡಣೆ. ಎಲ್ಲವೂ ಒಂದೇ ಸಿಡಿಯಲ್ಲಿ. ಒಂದು ಕೆಲಸಕ್ಕೆ ಆಯ್ದಿಟ್ಟ ಒಂದೇ ತಂತ್ರಾಂಶ. ಜಾಲ ನೋಡಲು ಒಂದು, ಪತ್ರ ಬರೆಯಲು ಒಂದು. ಹತ್ತು ಬೇಕೆಂದವರು ಆಮೇಲೆ ತರಿಸಿಕೊಳ್ಳಬಹುದು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ‘ರೂಟ್’ ಎಂಬ ಸರ್ವಾಧಿಕಾರಿ ಬಳಕೆದಾರ ಇರುತ್ತಾನೆ. ಆ ಹೆಸರಿನಲ್ಲಿ ಕುಳಿತು ಒಂದು ಆದೇಶ ತಪ್ಪಿದರೆ ಇಡೀ ವ್ಯವಸ್ಥೆಯೇ ಹೋಗಬಹುದು. ಉಬುಂಟು ಆ ಖಾತೆಗೆ ಬೀಗ ಹಾಕಿತು. ಅಪಾಯದ ಕೆಲಸ ಬಂದಾಗ ಮಾತ್ರ ನಿಮ್ಮದೇ ಗುಪ್ತಪದ ಕೇಳಿ, ಆ ಹೊತ್ತಿಗಷ್ಟೇ ಅಧಿಕಾರ ಕೊಡುವ ಕ್ರಮ ತಂದಿತು. 2006ರ ಜೂನ್‌ನಲ್ಲಿ ಬಂದ 6.06ರಲ್ಲಿ ಒಂದೇ ಸಿಡಿಯಿಂದ ಮೊದಲು ಓಡಿಸಿ ನೋಡಿ, ಒಪ್ಪಿಗೆಯಾದರೆ ಅಲ್ಲಿಂದಲೇ ಗಣಕಕ್ಕೆ ಹಾಕಿಕೊಳ್ಳುವಂತಾಯಿತು.

ಇನ್ನೂ ಎರಡು ಸಂಗತಿಗಳಿಗೆ ತಂತ್ರಜ್ಞಾನದ ಪುಸ್ತಕದಲ್ಲಿ ಜಾಗ ಸಿಗುವುದಿಲ್ಲ, ಆದರೆ ಅವು ಅಷ್ಟೇ ಮುಖ್ಯ. ಮೊದಲನೆಯದು, ಕೇಳಿದವರಿಗೆಲ್ಲ ಅಂಚೆಯ ವೆಚ್ಚವನ್ನೂ ತೆಗೆದುಕೊಳ್ಳದೆ ಸಿಡಿ ಕಳಿಸಿದರು. ಈ ವ್ಯವಸ್ಥೆ 2011ರವರೆಗೆ ನಡೆಯಿತು. ದೂರವಾಣಿ ತಂತಿಯ ನಿಧಾನದ ಅಂತರ್ಜಾಲದಲ್ಲಿ 600–700 ಎಂಬಿ ಇಳಿಸಿಕೊಳ್ಳುವುದು ಕನಸಾಗಿದ್ದ ಕಾಲ ಅದು. ಎರಡನೆಯದು, ಉಬುಂಟು ಬಳಗಕ್ಕೆ ಒಂದು ನಡವಳಿಕೆಯ ಸಂಹಿತೆ ಇತ್ತು. ಪರಸ್ಪರ ಗೌರವದಿಂದ, ಇನ್ನೊಬ್ಬರನ್ನು ಪರಿಗಣಿಸಿ ವರ್ತಿಸಬೇಕು ಎಂಬುದು ಅದರ ಸಾರ. ‘ಇಷ್ಟೂ ಗೊತ್ತಿಲ್ಲವೇ?’ ಎಂಬ ಒಂದು ಮಾತು ಎಷ್ಟು ವಿದ್ಯಾರ್ಥಿಗಳ ಬಾಯಿ ಮುಚ್ಚಿಸುತ್ತದೆ ಎಂಬುದು ನಿಮ್ಮ ತರಗತಿಯ ಅನುಭವದಿಂದಲೇ ನಿಮಗೆ ತಿಳಿದಿದೆ. ಚಿತ್ರದ ಗುಂಡಿಗಳಿಂದ ಆಗದ ಕೆಲಸ ಸಭ್ಯವಾದ ಒಂದು ಉತ್ತರದಿಂದ ಆಗುತ್ತದೆ.

ಕನ್ನಡದಲ್ಲಿ ಕೇಳುವ ಗಣಕ

‘ಯಾವ ಭಾಷೆ ಬೇಕು?’ ಎಂಬುದು ಮೂರನೆಯ ಬಗೆಯ ಪ್ರಶ್ನೆ ಎಂದೆವು. ಆದರೆ ಉತ್ತರಗಳ ಪಟ್ಟಿಯಲ್ಲಿ ಕನ್ನಡವೇ ಇಲ್ಲದಿದ್ದರೆ?

ಕನ್ನಡ ಅಕ್ಷರಗಳಿಗೆ ಯುನಿಕೋಡ್ ಸಂಕೇತಗಳು 1991ರ ಮೊದಲ ಆವೃತ್ತಿಯಲ್ಲಿಯೇ ಸಿಕ್ಕವು. ಆದರೆ ಸಂಕೇತ ಇದ್ದರೆ ಸಾಲದು, ಪರದೆಯ ಮೇಲೆ ಸರಿಯಾಗಿ ಮೂಡಬೇಕು. ‘ಸೂರ್ಯ’ ಎಂದು ಬರೆದು ನೋಡಿ. ನಾವು ಉಚ್ಚರಿಸುವಾಗ ಮೊದಲು ಬರುವುದು ‘ರ’ಕಾರ, ಆಮೇಲೆ ‘ಯ’ಕಾರ. ಗಣಕದಲ್ಲಿ ದಾಖಲಾಗುವುದೂ ಹಾಗೆಯೇ. ಆದರೆ ಕಣ್ಣಿಗೆ ಕಾಣುವಾಗ ‘ಯ’ ಮುಂದೆ, ಅರ್ಕಾವೊತ್ತು ಹಿಂದೆ! ಈ ಅದಲುಬದಲನ್ನು ತಂತ್ರಾಂಶಕ್ಕೆ ಕಲಿಸಿಕೊಡಬೇಕು. ಕಲಿಸುವವರೆಗೆ ಒತ್ತಕ್ಷರಗಳು ಒಡೆದ ಗಾಜಿನಂತೆ ಚದುರಿ ಕಾಣುತ್ತಿದ್ದವು.

ಲಿನಕ್ಸ್‌ನಲ್ಲಿ ಇದನ್ನು ಸರಿಪಡಿಸಲು ಯಾವ ಕಂಪನಿಯ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಮೂಲ ತೆರೆದೇ ಇತ್ತು, ಬಲ್ಲವರು ಕೈಹಾಕಿದರು. ಗ್ನೋಮ್, ಕೆಡಿಇ ಪರದೆಗಳ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆಯಿತು. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಮುಕ್ತ ಅಕ್ಷರಶೈಲಿಗಳು ಡೆಬಿಯನ್ ಭಂಡಾರ ಸೇರಿದವು. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಾಡಿಗೆಲ್ಲ ಪರಿಚಿತವಾದ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಇದೆ. ನುಡಿ ಕಲಿತ ಬೆರಳುಗಳಿಗೆ ಇಲ್ಲಿ ಹೊಸ ಪಾಠ ಬೇಕಿಲ್ಲ.

ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣವನ್ನು ಲಿನಕ್ಸ್ ಮೇಲೆಯೇ ಕಟ್ಟಿತು. ಶಿಕ್ಷಕರಿಗೆ ಮೊದಲು ತರಬೇತಿ, ಆಮೇಲೆ ಮಕ್ಕಳಿಗೆ ಪಾಠ. ಪಂಡಿತರಿಗೆ ಮಾತ್ರ ಎಂದುಕೊಂಡದ್ದನ್ನು ಹಳ್ಳಿಯ ಶಾಲೆಯ ಮಕ್ಕಳು ಕಲಿತರು.

ಸುಲಭದ ಬೆಲೆ

ಇಷ್ಟು ಓದಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿಮ್ಮ ಪರವಾಗಿ ಉತ್ತರ ಕೊಡುವವರ ಕೈಯಲ್ಲಿ ಒಂದು ಅಧಿಕಾರವೂ ಇರುತ್ತದೆ. 2012ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 12.10ರಲ್ಲಿ, ಗಣಕದಲ್ಲಿ ಏನನ್ನಾದರೂ ಹುಡುಕಲು ಟೈಪ್ ಮಾಡಿದ ಪದ ಹೊರಗಿನ ಸರ್ವರ್‌ಗೂ ಹೋಗುತ್ತಿತ್ತು. ಅಮೆಜಾನ್ ಅಂಗಡಿಯ ಸರಕುಗಳು ಉತ್ತರದ ಜೊತೆ ಕಾಣುತ್ತಿದ್ದವು. ಬೇಡವೆಂದರೆ ನಿಲ್ಲಿಸಬಹುದಿತ್ತು, ನಿಜ. ಆದರೆ ಹಾಗೊಂದು ಗುಂಡಿ ಇದೆ ಎಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಸ್ಟಾಲ್ಮನ್ ಸೇರಿದಂತೆ ಹಲವರು ಇದನ್ನು ಕಟುವಾಗಿ ಟೀಕಿಸಿದರು. 2016ರ 16.04ರಲ್ಲಿ, ಬಳಸುವವರು ತಾವಾಗಿ ಕೇಳಿದರೆ ಮಾತ್ರ ಹೀಗಾಗುವಂತೆ ಬದಲಾಯಿತು.

ನಮ್ಮ ವಿಂಗಡಣೆಯ ಬೆಳಕಿನಲ್ಲಿ ನೋಡಿ. ‘ನೀವು ಹುಡುಕಿದ್ದನ್ನು ಹೊರಗೆ ಕಳಿಸಲೇ?’ ಎಂಬುದು ಮೂರನೆಯ ಬಗೆಯ ಪ್ರಶ್ನೆ. ಬಳಸುವವರನ್ನೇ ಕೇಳಬೇಕಾದದ್ದು. ಅದನ್ನು ಎರಡನೆಯ ಬಗೆಯದೆಂದು ಎಣಿಸಿ ತಾವೇ ಉತ್ತರ ಬರೆದುಬಿಟ್ಟರು. ಸುಲಭ ಮಾಡುವ ಹೆಸರಿನಲ್ಲಿ ಹೀಗೆ ಗೆರೆ ದಾಟುವುದು ಉಬುಂಟು ಒಂದರ ಕಥೆಯಲ್ಲ. ನಿಮ್ಮ ಮೊಬೈಲಿನ ಪ್ರತಿಯೊಂದು ಆ್ಯಪ್‌ನಲ್ಲಿಯೂ ಈ ಪ್ರಶ್ನೆ ಇದೆ.

ಹಾಗಾದರೆ ದಾರಿ ಏನು? ಒಳಕೋಣೆಯ ಬಾಗಿಲನ್ನು ಮುಚ್ಚದೆ ಇಡುವುದು. ಇಂದಿನ ಉಬುಂಟುವಿನಲ್ಲಿಯೂ ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆದೇಶ ಬರೆಯುವ ಕಪ್ಪು ಪರದೆ ತೆರೆಯುತ್ತದೆ. 1969ರ ಗಿಡ್ಡ ಆದೇಶಗಳು ಅಲ್ಲಿ ಹಾಗೆಯೇ ಕೆಲಸ ಮಾಡುತ್ತವೆ. ಮುಂಬಾಗಿಲಿನಿಂದ ಸುಲಭವಾಗಿ ಬಂದವರು, ಬೇಕೆನಿಸಿದ ದಿನ ಆ ಕೋಣೆಗೂ ಹೋಗಬಹುದು.

ನೀವೇ ಮಾಡಿ ನೋಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಹೊಸ ವಿಂಡೋಸ್ ಒಪ್ಪದ, ಆದರೆ ಗಟ್ಟಿಮುಟ್ಟಾಗಿರುವ ಗಣಕಗಳು ಎಷ್ಟೋ ಶಾಲೆ, ಮನೆಗಳಲ್ಲಿ ಇವೆ. ಅಂಥ ಹಳೆಯ ಗಣಕ ಸಿಕ್ಕರೆ, ಹಿರಿಯರ ಅನುಮತಿ ಪಡೆದು ಈ ಪ್ರಯೋಗ ಮಾಡಿ.

1. ಖಾಲಿ ಪೆನ್ ಡ್ರೈವ್ ಒಂದನ್ನು ತೆಗೆದುಕೊಂಡು, ಬಲ್ಲವರ ನೆರವಿನಿಂದ ಅದಕ್ಕೆ ಉಬುಂಟು ಹಾಕಿಸಿ. ಗಣಕ ಬಹಳ ಹಳೆಯದಾದರೆ ಅದರ ಹಗುರ ರೂಪವಾದ ಲುಬುಂಟು ನೋಡಿ. ನೆನಪಿರಲಿ, ಪೆನ್ ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

2. ಗಣಕವನ್ನು ಆ ಪೆನ್ ಡ್ರೈವ್‌ನಿಂದ ಚಾಲೂ ಮಾಡಿ. ‘ಬಳಸಿ ನೋಡು’ ಎಂಬ ಆಯ್ಕೆಯನ್ನು ಮಾತ್ರ ಒತ್ತಿ. ‘ಗಣಕಕ್ಕೆ ಹಾಕು’ ಎಂಬುದನ್ನು ಸದ್ಯಕ್ಕೆ ಮುಟ್ಟಬೇಡಿ.

3. ಅಲ್ಲಿಯವರೆಗೆ ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಪ್ರತಿಯೊಂದೂ ಮೇಲಿನ ಮೂರು ಬಗೆಗಳಲ್ಲಿ ಯಾವುದು?

4. ಕಪ್ಪು ಪರದೆ ತೆರೆದು ‘ಎಲ್’ ‘ಎಸ್’ ಎಂದು ಸಣ್ಣಕ್ಷರದ ಇಂಗ್ಲಿಷಿನಲ್ಲಿ ಒತ್ತಿ, ಎಂಟರ್ ಒತ್ತಿ. ಏನು ಕಂಡಿತು?

ಗಣಕ ಸಿಗದವರಿಗೆ ಇನ್ನೊಂದು ಪ್ರಯೋಗ. ಅಜ್ಜಿಗೋ ಅಜ್ಜನಿಗೋ ಮೊಬೈಲಿನಿಂದ ಒಂದು ಫೋಟೋ ಕಳಿಸುವುದನ್ನು ಕಲಿಸಿ. ಅವರ ಕೈಯಿಂದ ಮೊಬೈಲ್ ಕಸಿದುಕೊಂಡು ನೀವೇ ಮಾಡಿಬಿಡಬಾರದು, ಅದೊಂದೇ ಷರತ್ತು. ಅವರು ಎಲ್ಲಿ ನಿಂತರು, ಏನು ಕೇಳಿದರು ಎಂದು ಗಮನಿಸಿ. ಅವರು ನಿಂತ ಪ್ರತಿಯೊಂದು ಜಾಗದಲ್ಲಿಯೂ, ಆ್ಯಪ್ ಬರೆದವರು ಕೇಳಬಾರದ ಪ್ರಶ್ನೆ ಕೇಳಿದ್ದಾರೆಯೇ, ಅಥವಾ ಕೇಳಬೇಕಾದದ್ದನ್ನು ಕೇಳದೆ ಬಿಟ್ಟಿದ್ದಾರೆಯೇ?

ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ, ಕೆಲವರು ಶಿಕ್ಷಕರು, ಕೆಲವರು ಬ್ಯಾಂಕಿನ ಕಿಟಕಿಯ ಹಿಂದೆ ಕೂರುವವರು. ಆಗ ಹೊಸಬರು ನಿಮ್ಮ ಮುಂದೆ ಬಂದು ನಿಲ್ಲುತ್ತಾರೆ. ಅವರಿಗೆ ನೀವು ಯಾವ ಪ್ರಶ್ನೆ ಕೇಳುತ್ತೀರಿ ಎಂಬುದನ್ನು ಈಗಿನಿಂದಲೇ ಯೋಚಿಸಿ.